ಹಲ್ಲು ಕಿತ್ತ ಗುಂಡಿಗೆ ಮೂಳೆಪುಡಿ ಯಾಕೆ: ಚಿಕ್ಕಮ್ಮನ ಪ್ರಶ್ನೆಗೆ ಉತ್ತರ

ಚಿಕ್ಕಮ್ಮ, ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಕೂತು ಕೇಳಿ. ಚಿಕ್ಕಪ್ಪನ ಮೇಲಿನ ಮುಂದಿನ ಹಲ್ಲಿನ ಬೇರು ಸೀಳಿದೆ, ತೆಗೀಲೇಬೇಕು, ತೆಗೆದ ಕೂಡಲೇ ಗುಂಡಿಗೆ ಮೂಳೆಪುಡಿ ತುಂಬಿ ಆಮೇಲೆ ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸೋ ಕೃತಕ ಬೇರು) ಹಾಕೋಣ ಅಂದಿದ್ದಾರೆ ಡಾಕ್ಟ್ರು. ಹಲ್ಲು ಕಿತ್ತ ಜಾಗ ತಾನಾಗೇ ಕೂಡ್ಕೊಳ್ಳುತ್ತಲ್ಲ, ಪುಡಿ ಯಾಕೆ ಅಂತ ಕೇಳಿದ್ರಿ.

ಕೂಡ್ಕೊಳ್ಳುತ್ತೆ, ನಿಜ. ಮೊದಲ ದಿನ ರಕ್ತ ಹೆಪ್ಪುಗಟ್ಟುತ್ತೆ, ವಾರದಲ್ಲಿ ಕೆಂಪು ಮೆತ್ತನೆ ಮಾಂಸ ಬರುತ್ತೆ, ಮೂರು ನಾಲ್ಕು ವಾರಕ್ಕೆ ತಳದಿಂದ ಎಳೆ ಮೂಳೆ ಏಳುತ್ತೆ, ಅಷ್ಟರಲ್ಲೇ ಮೇಲೆ ಒಸಡೂ ಮುಚ್ಚುತ್ತಾ ಬರುತ್ತೆ. ಆದ್ರೆ ಗುಂಡಿ ತುಂಬೋ ಹೊತ್ತಿಗೆ ಅದರ ಗೋಡೆ ಕರಗಿರುತ್ತೆ, ತೊಂದರೆ ಇರೋದು ಅಲ್ಲಿ. ಬೇರಿನ ಸುತ್ತ ಒಂದು ತೆಳು ಮೂಳೆ ಪದರ ಇರುತ್ತೆ. ಬೇರಿಗೂ ಅದಕ್ಕೂ ಸಣ್ಣ ನಾರುಗಳ ಗಂಟು, ಅದರ ರಕ್ತದ ಒಂದು ಪಾಲು ಬರೋದೂ ಅಲ್ಲಿಂದಲೇ. ಹಲ್ಲು ಹೋಯ್ತು ಅಂದ್ರೆ ಆ ಪದರಕ್ಕೆ ಕೆಲಸ ಇಲ್ಲ, ಕರಗುತ್ತೆ. ಮೇಲಿನ ಮುಂದಿನ ಹಲ್ಲುಗಳಲ್ಲಿ ತುಟಿ ಕಡೆ ಗೋಡೆ ಬಹಳ ಜನಕ್ಕೆ 1 ಮಿಲಿಮೀಟರೂ ಇರಲ್ಲ, ಹೆಚ್ಚುಕಮ್ಮಿ ಪೂರ್ತಿ ಆ ಪದರವೇ. ಅದಕ್ಕೇ ಆ ಜಾಗ ಒಳಕ್ಕೆ ಕುಸಿಯೋದು.

ಲೆಕ್ಕ ಹೇಳ್ತೀನಿ. ಆರು ತಿಂಗಳಲ್ಲಿ ದವಡೆ ಏಣಿನ (ಹಲ್ಲು ಕೂತಿರೋ ಮೂಳೆ ದಿಣ್ಣೆಯ) ಅಗಲ ಸರಾಸರಿ 3ರಿಂದ 4 ಮಿಲಿಮೀಟರ್, ಎತ್ತರ 1ರಿಂದ ಒಂದೂವರೆ ಮಿಲಿಮೀಟರ್ ಹೋಗುತ್ತೆ, ಬಹುಪಾಲು ಮೊದಲ ಮೂರು ತಿಂಗಳಲ್ಲೇ. ಇಂಪ್ಲಾಂಟ್ ಸುಮಾರು 3.5ರಿಂದ 4 ಮಿಲಿಮೀಟರ್ ದಪ್ಪ, ತುಟಿ ಕಡೆ ಇನ್ನೂ 2 ಮಿಲಿಮೀಟರ್, ಹಿಂದೆ 1 ಮಿಲಿಮೀಟರ್ ಮೂಳೆ ಬೇಕು. ಅಂದ್ರೆ ಏಳರ ಹತ್ತಿರ. ಎಂಟು ಇದ್ದದ್ದು ಐದಾದ್ರೆ ಕೂರಿಸೋದು ಎಲ್ಲಿ? ಆಗ ಮಾಡಬೇಕಾದ ಮೂಳೆ ಕಸಿ ಈಗಿನದಕ್ಕಿಂತ ದೊಡ್ಡ ಆಪರೇಷನ್. ಪುಡಿ ಹಾಕಿದ್ರೂ ಸವೆತ ಪೂರ್ತಿ ನಿಲ್ಲಲ್ಲ, ಹೋಗಬೇಕಿದ್ದ ಅಗಲದಲ್ಲಿ ಸರಾಸರಿ ಒಂದೂವರೆ ಎರಡು ಮಿಲಿಮೀಟರ್ ಉಳಿಯುತ್ತೆ ಅಷ್ಟೆ. ಮುಂದಿನ ಹಲ್ಲಿಗೆ ಅಷ್ಟೇ ದೊಡ್ಡದು.

ಪುಡಿಗಿಂತ ಮುಖ್ಯ ಹಲ್ಲು ತೆಗೆಯೋ ರೀತಿ. ಒಸಡನ್ನ ಬಿಡಿಸದೇ, ತೆಳು ಅಲಗಿನ ಪೆರಿಯೊಟೋಮ್‌ನಿಂದ ಬೇರಿನ ಸುತ್ತ ನಾರು ಕತ್ತರಿಸಿ ನಿಧಾನಕ್ಕೆ ಹೊರಗೆ ತೆಗೀಬೇಕು. ತುಟಿ ಕಡೆಗೆ ಬಗ್ಗಿಸಿ ಅಲ್ಲಾಡಿಸಿದ್ರೆ ಆ ತೆಳು ಗೋಡೆ ಹಲ್ಲಿನ ಜೊತೆಗೇ ಕಿತ್ತು ಬರುತ್ತೆ. ದವಡೆ ಹಲ್ಲಾದ್ರೆ ಬೇರುಗಳನ್ನ ಬೇರೆ ಬೇರೆ ಮಾಡಿ ಒಂದೊಂದಾಗಿ ತೆಗೀತಾರೆ. ಆಮೇಲೆ ಒಳಗಿನ ಸೋಂಕಿನ ಮಾಂಸ ಕೆರೆದು, ಸಲೈನ್‌ನಲ್ಲಿ ತೊಳೆದು, ಗೋಡೆ ಉಳಿದಿದೆಯಾ ಅಂತ ನೋಡಬೇಕು. ಇಲ್ಲಿ ಅವಸರ ಮಾಡಿ, ಸೋಂಕು ಒಳಗೇ ಬಿಟ್ಟು ಮೇಲೆ ಪುಡಿ ತುಂಬಿದ್ರೆ ಎಷ್ಟೇ ದುಬಾರಿ ಪುಡಿಯಾದ್ರೂ ಹಾಳು.

ಪುಡಿ ಅಂದ್ರೆ ಮರಳಿನಂಥ ಕಾಳು, ಕಾಲು ಮಿಲಿಮೀಟರಿಂದ 1 ಮಿಲಿಮೀಟರ್. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಅರ್ಧ ಸಿಸಿ ಸಾಕು. ಸಲೈನ್‌ನಲ್ಲೋ ರಕ್ತದಲ್ಲೋ ನೆನೆಸಿ ಮೂಳೆಯ ಅಂಚಿನ ಮಟ್ಟಕ್ಕೆ ತುಂಬ್ತಾರೆ. ಗಿಡಿದು ತುಂಬಬಾರದು, ಕಾಳುಗಳ ಸಂದಿಯಲ್ಲೇ ಹೊಸ ರಕ್ತನಾಳ ಹಾದು ಬರಬೇಕು. ಮೇಲೆ ಕೊಲಾಜೆನ್ (ಪ್ರಾಣಿಯಿಂದ ತೆಗೆದ ನಾರಿನಂಥ ಪ್ರೋಟೀನ್) ಬೆಣೆ ಅಥವಾ ಪದರ, ಅದರ ಮೇಲೆ ಅಡ್ಡಡ್ಡ ಹೊಲಿಗೆ. ತುಟಿ ಕಡೆ ಗೋಡೆ ಒಡೆದಿದ್ರೆ ಬರೀ ಬೆಣೆ ಸಾಲದು, ಒಸಡಿಗೂ ಮೂಳೆಗೂ ನಡುವೆ ಕೊಲಾಜೆನ್ ಪದರ ಇಳಿಸಬೇಕು. ಬೇರು ಸೀಳಿದ ಹಲ್ಲಲ್ಲಿ ಹೀಗಾಗೋದು ಹೆಚ್ಚು, ಚಿಕ್ಕಪ್ಪಂಗೆ ಅದಕ್ಕೇ ಮೊದಲೇ ಕೇಳಿಡಿ. ಇನ್ನೊಂದು, ಈ ಕಾಳು ಹಸುವಿನ ಮೂಳೆಯದ್ದು ಇರಬಹುದು, ಮನುಷ್ಯ ದಾನಿಯದ್ದು ಇರಬಹುದು, ಕೃತಕವೂ ಇದೆ. ಕೊಲಾಜೆನ್ ಹೆಚ್ಚಾಗಿ ಹಸು ಅಥವಾ ಹಂದಿಯದ್ದು. ಮನಸ್ಸಿಗೆ ಒಗ್ಗದಿದ್ರೆ ಕುರ್ಚಿ ಮೇಲೆ ಕೂರೋ ಮುಂಚೆ ಹೇಳಬೇಕು.

ಎಲ್ಲ ಹಲ್ಲಿಗೂ ಇದು ಬೇಡ. ಬುದ್ಧಿಹಲ್ಲಿಗೆ ಸಾಮಾನ್ಯವಾಗಿ ಬೇಕಾಗಲ್ಲ. ಹಿಂದಿನ ಹಲ್ಲು ತೆಗೆದು ಅಲ್ಲಿ ಏನೂ ಕಟ್ಟಿಸೋದಿಲ್ಲ ಅಂದ್ರೂ ದುಡ್ಡು ದಂಡ. ಕೀವು ಸುರೀತಿದ್ರೆ ಮೊದಲು ಅದು ಇಳೀಲಿ.

ಡಾಕ್ಟ್ರ ಹತ್ರ ಮುಚ್ಚಿಡಬಾರದ್ದು: ಮೂಳೆ ಸವೆತಕ್ಕೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಂದು ಜೊಲೆಡ್ರೊನಿಕ್ ಡ್ರಿಪ್, ಆರು ತಿಂಗಳಿಗೊಂದು ಡೆನೊಸುಮಾಬ್ ಇಂಜೆಕ್ಷನ್, ಇದ್ರಲ್ಲಿ ಯಾವುದಾದ್ರೂ ತಗೊಂಡಿದ್ರೆ ಹೇಳಲೇಬೇಕು. ಹಲ್ಲು ಕಿತ್ತ ಮೇಲೆ ದವಡೆ ಮೂಳೆ ಸಾಯೋ ಅಪಾಯ ಇದೆ, ಅಪರೂಪ ಆದ್ರೂ ಸಣ್ಣದಲ್ಲ. ರಕ್ತ ತೆಳುವಾಗಿಸೋ ಮಾತ್ರೆಯನ್ನ ನೀವಾಗೇ ನಿಲ್ಲಿಸಬೇಡಿ. ಶುಗರ್ ಹತೋಟಿಯಲ್ಲಿರಲಿ. ಸಿಗರೇಟು ಬಿಡದಿದ್ರೆ ಗಾಯ ಮಾಯೋದೇ ನಿಧಾನ, ಇದನ್ನ ಚಿಕ್ಕಪ್ಪಂಗೂ ಕೇಳಿಸಿ.

ಮನೆಗೆ ಬಂದ ಮೇಲೆ ಗಾಜ್ (ಗಾಯಕ್ಕೆ ಇಡೋ ಹತ್ತಿ ಬಟ್ಟೆ) ಅರ್ಧದಿಂದ ಮುಕ್ಕಾಲು ಗಂಟೆ ಕಚ್ಚಿರಬೇಕು, ಐದೈದು ನಿಮಿಷಕ್ಕೆ ತೆಗೆದು ನೋಡಬಾರದು. 24 ಗಂಟೆ ಮುಕ್ಕಳಿಸೋದು, ಉಗಿಯೋದು, ಸ್ಟ್ರಾದಲ್ಲಿ ಹೀರೋದು ಬೇಡ, ಹೆಪ್ಪು ಕಿತ್ತು ಬರುತ್ತೆ. ಮಾರನೇ ದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ಬಾಯಲ್ಲಿ ಇಟ್ಕೊಂಡು ಹಾಗೇ ಹೊರಗೆ ಬಿಡಬೇಕು, ಗಳಗಳ ಅನ್ನಿಸಬಾರದು. ಬಾಯಿ ತೊಳೆಯೋ ಔಷಧಿ ಕ್ಲೋರ್‌ಹೆಕ್ಸಿಡಿನ್ ಬರ್ದಿದ್ರೆ ಹೇಳಿದಷ್ಟೇ. ಉಳಿದ ಹಲ್ಲು ಬ್ರಷ್ ಮಾಡಬಹುದು, ಆ ಜಾಗಕ್ಕೆ ಬ್ರಷ್ಷೂ ಬೇಡ, ನಾಲಿಗೆಯೂ ಬೇಡ. ತಾತ್ಕಾಲಿಕ ಹಲ್ಲಿನ ಸೆಟ್ ಕೊಟ್ಟಿದ್ರೆ ಅದು ಗಾಯದ ಮೇಲೆ ಒತ್ತಬಾರದು, ಒತ್ತಿದ್ರೆ ಅಷ್ಟು ಜಾಗ ಕೊರೆಸಿ.

ಮೊದಲ ಕೆಲವು ದಿನ ಮರಳಿನಂತೆ ನಾಲ್ಕಾರು ಕಾಳು ಬಾಯಿಗೆ ಬಂದ್ರೆ ಗಾಬರಿ ಬೇಡ. ಕೊಲಾಜೆನ್ ಬಿಳಿಚಿ ಲೋಳೆಯಾಗೋದೂ ಕೀವಲ್ಲ. ಊತ ಎರಡು ಮೂರನೇ ದಿನಕ್ಕೆ ಹೆಚ್ಚಾಗಿ ಆಮೇಲೆ ಇಳೀಬೇಕು. ಮೂರನೇ ದಿನದ ಮೇಲೆ ನೋವು ಏರ್ತಾ ಹೋದ್ರೆ, ಜ್ವರ, ಕೆಟ್ಟ ವಾಸನೆ ಬಂದ್ರೆ, ತುಂಬಿದ್ದೆಲ್ಲ ಕಿತ್ತು ಬಂದ್ರೆ ಕಾಯಬೇಡಿ, ಹೋಗಿ ತೋರಿಸಿ. ಹೊಲಿಗೆ ಒಂದರಿಂದ ಎರಡು ವಾರಕ್ಕೆ ತೆಗೀತಾರೆ. ನಾಲ್ಕರಿಂದ ಆರು ತಿಂಗಳಿಗೆ ಸ್ಕ್ಯಾನ್ ನೋಡಿ ಇಂಪ್ಲಾಂಟ್. ಅದನ್ನ ವರ್ಷಗಟ್ಟಲೆ ಮುಂದೂಡಿದ್ರೆ ತುಂಬಿದ ಜಾಗವೂ ನಿಧಾನಕ್ಕೆ ಸವೆಯುತ್ತೆ.

ಹೋಗೋವಾಗ ಚಿಕ್ಕಪ್ಪನ ಮಾತ್ರೆಗಳ ಚೀಟಿ ಮರೀಬೇಡಿ. ಹಲ್ಲು ತೆಗೆದ ಮೇಲೆ ತುಟಿ ಕಡೆ ಗೋಡೆ ಉಳೀತಾ ಅಂತ ಕೇಳಿ, ಏನಂದ್ರು ಅಂತ ಇಲ್ಲೇ ಹಾಕಿ.