ಗೆಣಸು ತಿಂದದ್ದು ಕೋತಿಯೋ, ಹೆಗ್ಗಣವೋ?

ಹಿತ್ತಲ ಸೊಪ್ಪಿನವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬನಶಂಕರಿ 6ನೇ ಹಂತದಲ್ಲಿ, ತುರಹಳ್ಳಿ ಕಾಡಿನ ಹತ್ತಿರ. ಮೂವತ್ತು-ನಲವತ್ತರ ಸೈಟು. ಹಿಂದುಗಡೆ ಆರಡಿ ಅಗಲದ ಮಣ್ಣು ಉಳಿಸಿಕೊಂಡಿದ್ದೇವೆ. ಅದಕ್ಕೂ ಸಿಮೆಂಟ್ ಹಾಕಿಬಿಡ್ತೀನಿ ಅಂದ ಮೇಸ್ತ್ರಿ ಹತ್ತಿರ ಜಗಳ ಆಡಿ ಉಳಿಸಿದ ಜಾಗ ಅದು. ಗೆಣಸು, ಬೆಂಡೆ, ದಂಟಿನ ಸೊಪ್ಪು, ಕೊತ್ತಂಬರಿ ಅಲ್ಲಿ. ಟೊಮೆಟೊ ಮತ್ತು ಬದನೆ ತಾರಸಿ ಮೇಲೆ ಚೀಲಗಳಲ್ಲಿ.

ಈ ಆಗಸ್ಟ್ ಪೂರ್ತಿ ಅಳುವ ಹಾಗಾಗಿದೆ. ಗೆಣಸಿನ ಬಳ್ಳಿ ಮೇಲೆ ಹಸಿರಾಗಿ ಚೆನ್ನಾಗಿದೆ, ಕೆಳಗೆ ಅಗೆದರೆ ಗಡ್ಡೆ ಅರ್ಧಕ್ಕರ್ಧ ಇಲ್ಲ. ಚಮಚದಲ್ಲಿ ಕೆರೆದ ಹಾಗೆ ಒಳಗೆಲ್ಲಾ ಖಾಲಿ. ಕೊತ್ತಂಬರಿ ಮೊಳಕೆ ಮೂರು ಸಲ ಬಂತು, ಮೂರು ಸಲವೂ ರಾತ್ರೋರಾತ್ರಿ ಮಾಯ. ಮೇಲೆ ಟೊಮೆಟೊ ಕೆಂಪಾದ ದಿನವೇ ಒಂದು ಕಡೆ ಕಚ್ಚಿ ಬಿಟ್ಟಿರುತ್ತೆ. ಪೂರ್ತಿ ತಿಂದಿದ್ದರೆ ಹೋಗಲಿ ಪಾಪ ಅನ್ನಬಹುದಿತ್ತು!

ನಮ್ಮನೆಯವರು ಇದೆಲ್ಲಾ ಕೋತಿ ಕೆಲಸ ಅಂತ ತೀರ್ಪು ಕೊಟ್ಟಾಗಿದೆ. ಹಳೇ ಸಿಡಿಗಳನ್ನು ದಾರಕ್ಕೆ ಕಟ್ಟಿ ನೇತುಹಾಕಿದರು. ಖಾರದ ಪುಡಿ ಚೆಲ್ಲಿದರು, ಮಾರನೇ ದಿನವೇ ಮಳೆ. ಆಮೇಲೆ ಒಂದು ರಬ್ಬರ್ ಹಾವು ತಂದಿಟ್ಟರು. ಅದಕ್ಕೆ ಹೆದರಿದ್ದು ಮನೆಕೆಲಸಕ್ಕೆ ಬರುವ ಅಕ್ಕ ಮಾತ್ರ. ಈಗ ಹಿತ್ತಲಿಗೆಲ್ಲಾ ನೈಲಾನ್ ಬಲೆ ಕಟ್ಟಿಸೋಣ ಅಂತಿದ್ದಾರೆ. ದುಡ್ಡು ಹಾಕುವ ಮುಂಚೆ ಕೇಳ್ತಿದ್ದೀನಿ, ಬಲೆ ಕಟ್ಟಿದರೆ ನಿಲ್ಲುತ್ತಾ?

ಇನ್ನೊಂದು. ಅತ್ತೆ ಆ ಅರ್ಧ ಗೆಣಸುಗಳನ್ನೆಲ್ಲಾ ಬುಟ್ಟಿಯಲ್ಲಿ ಎತ್ತಿಟ್ಟಿದ್ದಾರೆ. ಕಚ್ಚಿದ ಕಡೆ ಕೊಯ್ದು ಬೇಯಿಸಿದರಾಯ್ತು ಅಂತಾರೆ. ತಿನ್ನಬಹುದಾ?

ಮಲ್ಲೇಶ್ವರದ ಮಾಮ:

ಕೋತಿಯೇ ಅಮ್ಮ, ಅನುಮಾನವೇ ಬೇಡ. ನಮ್ಮ ಕಡೆ ಗುಂಪಾಗಿ ಬರುತ್ತವೆ. ಅಡುಗೆಮನೆ ಕಿಟಕಿಯಿಂದ ಬ್ರೆಡ್ ಪ್ಯಾಕೆಟ್ಟೇ ಎತ್ತಿಕೊಂಡು ಹೋಗಿವೆ. ನಾನು ತರಕಾರಿ ಬಿಟ್ಟು ಕ್ರೋಟನ್ ಹಾಕಿಕೊಂಡು ನೆಮ್ಮದಿಯಾಗಿದ್ದೇನೆ.

ಕೆಂಗೇರಿ ಕೈತೋಟ:

ಮಾಮ, ಕ್ಷಮಿಸಿ, ನನಗೆ ಹಾಗನ್ನಿಸುವುದಿಲ್ಲ. ಕೋತಿ ಹಗಲು ಬರುವ ಪ್ರಾಣಿ. ಬಂದರೆ ಊರಿಗೇ ಗೊತ್ತಾಗುತ್ತದೆ. ಕೊಂಬೆ ಮುರಿದಿರುತ್ತದೆ, ಗಿಡವೇ ಕಿತ್ತು ಬಂದಿರುತ್ತದೆ. ಮೇಲಿನ ಬಳ್ಳಿ ಅಲುಗಾಡಿಸದೆ ಕೆಳಗಿನ ಗಡ್ಡೆ ತಿಂದು ಹೋಗುವಷ್ಟು ನಾಜೂಕು ಅದಕ್ಕೆಲ್ಲಿ ಬರಬೇಕು?

ಅಕ್ಕ, ನಿಮ್ಮ ಹಿತ್ತಲಿಗೆ ಬರುತ್ತಿರುವ ಕಳ್ಳ ಒಬ್ಬನಲ್ಲ, ಮೂವರು ಅಂತ ನನ್ನ ಅಂದಾಜು. ಗೆಣಸಿಗೆ ಹೆಗ್ಗಣ. ಕೊತ್ತಂಬರಿಗೆ ಬಸವನಹುಳು. ಟೊಮೆಟೊಗೆ ಅಳಿಲು. ಒಂದೇ ಬಲೆಯಲ್ಲಿ ಮೂವರೂ ನಿಲ್ಲುವುದಿಲ್ಲ. ಹೆಗ್ಗಣ ಮಣ್ಣಿನಡಿಯಿಂದ ಬರುತ್ತದೆ, ನೈಲಾನನ್ನು ಕಡಿದೂ ಹಾಕುತ್ತದೆ. ಹುಳು ನುಸುಳುತ್ತದೆ.

ನೈಲಾನ್ ಬಲೆಯನ್ನಂತೂ ನೆಲಕ್ಕೆ ತಾಗುವ ಹಾಗೆ ಕಟ್ಟಲೇಬೇಡಿ. ನಾನು ಆ ತಪ್ಪು ಮಾಡಿದ್ದೇನೆ. ಎರಡು ವರ್ಷದ ಹಿಂದೆ ಒಂದು ಕೇರೆ ಹಾವು ಅದರಲ್ಲಿ ಸಿಕ್ಕಿಕೊಂಡಿತು. ಒದ್ದಾಡಿದಷ್ಟೂ ದಾರ ಮೈಗೆ ಕೊರೆಯುತ್ತಿತ್ತು. ಹಾವು ಹಿಡಿಯುವವರು ಬಂದು ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿ ಬಿಡಿಸಿದರು. ಕೇರೆಗೆ ವಿಷವಿಲ್ಲ, ಇಲಿ ಹೆಗ್ಗಣ ತಿಂದುಕೊಂಡು ಇರುತ್ತದೆ. ಅಂದರೆ ನನ್ನ ಪರವಾಗಿ ಕೆಲಸ ಮಾಡುತ್ತಿದ್ದವನನ್ನೇ ನಾನು ಹಿಡಿದು ಕಟ್ಟಿಹಾಕಿದ್ದೆ.

ಮೊದಲು ಯಾರು ಬರುತ್ತಾರೆ ನೋಡಿ. ಹಿತ್ತಲ ಬಾಗಿಲ ಹತ್ತಿರ ಸಜ್ಜೆ ಕೆಳಗೆ ಮಳೆ ಬೀಳದ ಜಾಗ ಇರುತ್ತದಲ್ವಾ, ಅಲ್ಲಿ ಮಲಗುವ ಮುಂಚೆ ರಂಗೋಲಿ ಪುಡಿ ತೆಳ್ಳಗೆ ಉದುರಿಸಿ. ಬೆಳಿಗ್ಗೆ ಹೆಜ್ಜೆ ಸಿಗುತ್ತದೆ. ಹೆಗ್ಗಣವಾದರೆ ಹೆಜ್ಜೆಗಳ ಮಧ್ಯೆ ಬಾಲ ಎಳೆದ ಗೆರೆಯೂ ಇರಬಹುದು. ಕಾಂಪೌಂಡ್ ಬುಡದಲ್ಲಿ ಬಿಲ ಹುಡುಕಿ, ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಇದ್ದರೆ ಅಲ್ಲಿ ವಾಸ ಇದೆ ಅಂತ ಲೆಕ್ಕ. ಬಸವನಹುಳು ಓಡಾಡಿದ ಕಡೆ ಒಣಗಿದ ಗಂಜಿಯ ಹಾಗೆ ಹೊಳೆಯುವ ಗೆರೆ ಉಳಿಯುತ್ತದೆ.

ಪಕ್ಕದ ಸೈಟು ಖಾಲಿ ಇದೆಯಾ? ಮನೆಯಲ್ಲಿ ಕಾಂಪೋಸ್ಟ್ ಮಾಡುತ್ತೀರಾ? ಅನ್ನ, ಸಾರು ಅದಕ್ಕೆ ಹಾಕುತ್ತೀರಾ?

ಹಿತ್ತಲ ಸೊಪ್ಪಿನವಳು:

ಸರ್, ನಾಲ್ಕು ದಿನ ಬಿಟ್ಟು ಬರೀತಿದ್ದೀನಿ. ರಂಗೋಲಿ ಹಾಕಿದೆ. ಮೊದಲನೇ ರಾತ್ರಿ ಅತ್ತೆ ಗುಡಿಸಿಬಿಟ್ಟರು. ಎರಡನೇ ರಾತ್ರಿ ಸಿಕ್ಕಿತು, ಹೆಜ್ಜೆ, ಬಾಲದ ಗೆರೆ ಎರಡೂ. ನೀರಿನ ಡ್ರಮ್ಮಿನ ಹಿಂದೆ ಬಿಲ, ಎರಡು ಬೊಗಸೆ ಮಣ್ಣು ಹೊರಗೆ. ಪಕ್ಕದ ಸೈಟು ಖಾಲಿ, ಕಸ ಸುರಿಯುವವರಿಗೆ ಲೆಕ್ಕವಿಲ್ಲ. ಕಾಂಪೋಸ್ಟ್ ಡ್ರಮ್ಮಿನ ತಳದಲ್ಲಿ ಗಾಳಿಗೆ ಅಂತ ದೊಡ್ಡ ತೂತು ಕೊರೆಸಿದ್ದೆ, ಉಳಿದ ಅನ್ನವನ್ನೂ ಅದಕ್ಕೇ ಹಾಕುತ್ತಿದ್ದೆ. ನಾನೇ ಎಲೆ ಹಾಕಿ ಬಡಿಸಿದ ಹಾಗಾಯ್ತು.

ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಕೊತ್ತಂಬರಿ ಪಾತಿಯಲ್ಲಿ ಹನ್ನೊಂದು ಬಸವನಹುಳು. ಬರಿಗೈಯಲ್ಲೇ ಹೆಕ್ಕಿ ಗೋಡೆಯಾಚೆ ಎಸೆದೆ. ನಮ್ಮನೆಯವರು ಹೆಗ್ಗಣಕ್ಕೆ ಪಾಷಾಣ ಇಡೋಣ ಅಂತಿದ್ದಾರೆ.

ಕೆಂಗೇರಿ ಕೈತೋಟ:

ಪಾಷಾಣ ಬೇಡ ಅಕ್ಕ. ಅದನ್ನು ತಿಂದ ಹೆಗ್ಗಣ ಬಿಲದೊಳಗೇ ಸತ್ತರೆ ವಾರಗಟ್ಟಲೆ ನಾತ. ಹೊರಗೆ ಸತ್ತರೆ ಬೀದಿ ನಾಯಿ, ಬೆಕ್ಕು, ಗೂಬೆ ತಿಂದು ಅವೂ ಸಾಯಬಹುದು. ಬೋನು ಇಡಿ. ಹೆಗ್ಗಣಕ್ಕೆ ಹೊಸ ವಸ್ತು ಕಂಡರೆ ಗುಮಾನಿ. ಮೂರು ದಿನ ಬೋನಿನ ಬಾಗಿಲು ಬೀಳದ ಹಾಗೆ ಕಟ್ಟಿ, ಸುಮ್ನೆ ತಿನ್ನಲು ಬಿಡಿ. ನಾಲ್ಕನೇ ದಿನ ಕೊಂಡಿ ಹಾಕಿ. ನಮ್ಮಲ್ಲಿ ಒಣಕೊಬ್ಬರಿಗೆ ಮೂಸಿಯೂ ನೋಡಲಿಲ್ಲ, ಆಂಬೊಡೆಗೆ ಬಿತ್ತು. ಬೆಂಗಳೂರಿನ ಹೆಗ್ಗಣ ಅಲ್ವಾ.

ಆಮೇಲೆ ಅರ್ಧ ಇಂಚು ಕಣ್ಣಿನ ಕಬ್ಬಿಣದ ವೆಲ್ಡ್ ಮೆಶ್, ಅಂದರೆ ಬೆಸೆದ ಗಟ್ಟಿ ಜಾಲರಿ, ತನ್ನಿ. ಗೆಣಸಿನ ಪಾತಿ ಸುತ್ತ ಒಂದು ಅಡಿ ಆಳಕ್ಕೆ ಹೂಳಿ, ತುದಿಯನ್ನು ಹೊರಗಡೆಗೆ ಮಡಚಿ. ಅಗೆಯುತ್ತಾ ಬಂದರೆ ಆ ಮಡಿಕೆ ಅಡ್ಡ ಸಿಗುತ್ತದೆ. ಡ್ರಮ್ಮಿನ ತೂತಿಗೂ ಅದೇ ಮೆಶ್ ತುಂಡು ಬಿಗಿಯಿರಿ. ಅನ್ನ ಹಾಕುವುದು ನಿಲ್ಲಿಸಿ. ನನ್ನ ಕೇಳಿದರೆ ಇದೊಂದರಿಂದಲೇ ಅರ್ಧ ಕೆಲಸ ಆಗುತ್ತದೆ.

ಟೊಮೆಟೊ ಸುಲಭ. ಕಾಯಿಗೆ ಸ್ವಲ್ಪ ಬಣ್ಣ ತಿರುಗಿದ ತಕ್ಷಣ ಕಿತ್ತು ಒಳಗಿಡಿ, ಅಲ್ಲೇ ಹಣ್ಣಾಗುತ್ತದೆ.

ಹೆಸರಘಟ್ಟ ಹುಡುಗಿ:

ಅಕ್ಕ, ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ ಪ್ಲೀಸ್! ಅಂಗೈಯಷ್ಟು ಉದ್ದ, ಕಂದು ಪಟ್ಟೆಯ ಚಿಪ್ಪು ಇದ್ದರೆ ಅದು ಆಫ್ರಿಕಾದ್ದು. 1847ರಲ್ಲಿ ಒಬ್ಬರು ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟದ್ದು, ಈಗ ನಿಮ್ಮ ಪಾತಿಯವರೆಗೆ ಬಂದಿದೆ. ಹೆಗ್ಗಣ, ಇಲಿಗಳ ಶ್ವಾಸಕೋಶದ ರಕ್ತನಾಳದಲ್ಲಿ ಒಂದು ಜಂತು ಇರುತ್ತದೆ. ಅದರ ಮರಿಗಳು ಹಿಕ್ಕೆಯಿಂದ ಬಸವನಹುಳುವಿಗೆ ಹೋಗುತ್ತವೆ. ಆ ಹುಳು, ಅದರ ಚೂರು ಸೊಪ್ಪಿನ ಜೊತೆ ನಮ್ಮ ಹೊಟ್ಟೆಗೆ ಹೋದರೆ ಮಿದುಳಿಗೇ ತೊಂದರೆ. ನಿಮ್ಮ ಹಿತ್ತಲಲ್ಲಿ ಹೆಗ್ಗಣ, ಬಸವನಹುಳು ಎರಡೂ ಇವೆ. ಕೈಗವಸು ಹಾಕಿ. ಕೊತ್ತಂಬರಿಯನ್ನು ಎಲೆ ಎಲೆ ಬಿಡಿಸಿ ತೊಳೆಯಿರಿ.

ಗೋಡೆಯಾಚೆ ಎಸೆದರೆ ನಾಳೆ ವಾಪಸ್ ಬರುತ್ತದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ, ಕೋಸಿನ ಎಲೆ ಇಡಿ. ಬೆಳಿಗ್ಗೆ ಎಲ್ಲಾ ಅದರಡಿ ಸೇರಿರುತ್ತವೆ. ಬಕೆಟ್ಟಿನ ಗಟ್ಟಿ ಉಪ್ಪುನೀರಿಗೆ ಹಾಕಿ. ಉಪ್ಪನ್ನು ಮಣ್ಣಿಗೆ ಮಾತ್ರ ಚೆಲ್ಲಬೇಡಿ, ಗಿಡ ಹೋಗುತ್ತದೆ.

ಗೆಣಸಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕಚ್ಚಿದ್ದು ತಿನ್ನಬೇಡಿ. ಹೆಗ್ಗಣದ ಉಚ್ಚೆಯಿಂದ ಇಲಿಜ್ವರ ಬರುತ್ತದೆ. ಮಳೆಗಾಲದಲ್ಲಿ ಅಪಾಯ ಜಾಸ್ತಿ. ಕಾಲಲ್ಲಿ ಗಾಯ, ಬಿರುಕು ಇದ್ದರೆ ಪಾತಿಗೆ ಬರಿಗಾಲಲ್ಲಿ ಇಳಿಯಲೂ ಬೇಡಿ.

ಹಿತ್ತಲ ಸೊಪ್ಪಿನವಳು:

ಓದಿದ ಕೂಡಲೇ ಮೂರು ಸಲ ಕೈ ತೊಳೆದೆ ಕಣಮ್ಮ. ಬೋನಿಗೆ ನಿನ್ನೆಯಿಂದ ಆಂಬೊಡೆ ಇಟ್ಟಿದ್ದೀನಿ, ಕೊಂಡಿ ಇನ್ನೂ ಹಾಕಿಲ್ಲ. ರಾತ್ರಿ ಇಟ್ಟದ್ದು ಬೆಳಿಗ್ಗೆಗೆ ಖಾಲಿ. ನಮ್ಮನೆಯವರು ಮೆಶ್ ತರಲು ಕಲಾಸಿಪಾಳ್ಯದ ಕಡೆ ಹೋಗಿದ್ದಾರೆ. ಸಿಡಿಗಳನ್ನು ಮಾತ್ರ ಬಿಚ್ಚಲು ಒಪ್ಪುತ್ತಿಲ್ಲ, ಕೋತಿ ಬರದೇ ಇರುವುದು ಅದರಿಂದಲೇ ಅಂತೆ.

ಗೆಣಸಿನ ಬುಟ್ಟಿ ತಿಪ್ಪೆಗೆ ಹಾಕೋಣ ಅಂತ ಹೋದರೆ ಬುಟ್ಟಿ ಖಾಲಿ. ಅತ್ತೆಯನ್ನು ಕೇಳಿದೆ. ಚೆನ್ನಾಗಿರೋ ತುಂಡೆಲ್ಲಾ ಆರಿಸಿ ಮೊನ್ನೆಯೇ ಬೇಯಿಸಿದ್ದರಂತೆ, ಬೆಲ್ಲ ಹಾಕಿ. ನಾನೂ ಎರಡು ತಿಂದಿದ್ದೆ. ಚೆನ್ನಾಗಿ ಬೆಂದಿತ್ತು. ಈಗ ಏನು ಮಾಡಲಿ?

ಹೆಸರಘಟ್ಟ ಹುಡುಗಿ:

ಚೆನ್ನಾಗಿ ಬೆಂದಿದ್ದರೆ ಅಷ್ಟು ಗಾಬರಿ ಬೇಡ ಅಕ್ಕ. ಆದರೆ ಮುಂದಿನ ಎರಡು ಮೂರು ವಾರ ಮನೆಯಲ್ಲಿ ಯಾರಿಗೇ ಜ್ವರ, ಮೈಕೈ ನೋವು ಬಂದರೂ ಡಾಕ್ಟರ್ ಹತ್ತಿರ ಹೆಗ್ಗಣದ ವಿಷಯ ಬಾಯಿಬಿಟ್ಟು ಹೇಳಿ. ಸಂಕೋಚ ಪಟ್ಟುಕೊಂಡು ಬರೀ ಮಳೆಯಲ್ಲಿ ನೆನೆದೆ ಅನ್ನಬೇಡಿ.