ಅಪ್‌ಡೇಟ್: ಇಂಡಿಕೇಟರ್ ಬಲ್ಬ್ ಕೊನೆಗೂ ಕೂತಿತು

ಬೈಕಿನ ಬಲಗಡೆ ಇಂಡಿಕೇಟರ್ ಪಟಪಟ ಅಂತ ಬೇಗ ಬೇಗ ಮಿನುಗುತ್ತಿದೆ, ಹಿಂಬದಿಯ ಬಲ್ಬ್ ಸುಟ್ಟಿದೆ, ಹೊಸದು ಹೋಲ್ಡರ್‌ಗೆ ಕೂರುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆ.

"ಹಳೇ ಬಲ್ಬಿನ ಬುಡ ನೋಡಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ಮಸಿ ಒರೆಸಿ ನೋಡಿದರೆ 12 ವೋಲ್ಟ್, 10 ವ್ಯಾಟ್. ಹೊಸದರಲ್ಲೂ ಅದೇ ಇತ್ತು! ವ್ಯತ್ಯಾಸ ಇದ್ದದ್ದು ಪಿನ್‌ನಲ್ಲಿ, ಅಂದರೆ ಬುಡದ ಪಕ್ಕದಲ್ಲಿರೋ ಸಣ್ಣ ಗುಬುಟಿನಲ್ಲಿ. ನಾನು ತಂದಿದ್ದ ಬಿಳಿ ಬಲ್ಬಿನ ಎರಡು ಪಿನ್ ನೇರ ಎದುರುಬದುರು, ಅಂದರೆ 180 ಡಿಗ್ರಿ. ಹಳೇ ಕಿತ್ತಳೆ ಬಲ್ಬಿನದು 150 ಡಿಗ್ರಿ. ಬಿಳಿ ಗಾಜಿನ ಇಂಡಿಕೇಟರ್‌ಗೆ ಯಾರೂ ಬಿಳಿ ಬಲ್ಬ್ ಹಾಕಬಾರದು ಅಂತಲೇ ಈ ಉಪಾಯ. ನಾನು ಸುಮ್ನೆ ಒತ್ತಿ ಒತ್ತಿ ಹೆಬ್ಬೆರಳು ನೋಯಿಸಿಕೊಂಡೆ.

ಎಲ್‌ಇಡಿ ಹಾಕಲಿಲ್ಲ. ಅದು ಕರೆಂಟ್ ಕಮ್ಮಿ ಎಳೆಯುತ್ತದೆ. ನನ್ನ ಹಳೇ ಫ್ಲ್ಯಾಷರ್‌ಗೆ (ಇಂಡಿಕೇಟರ್ ಮಿನುಗಿಸೋ ಸಾಧನ) ಅದು ಬಲ್ಬ್ ಸುಟ್ಟ ಹಾಗೇ, ಮತ್ತೆ ಪಟಪಟ. ಆಮೇಲೆ ಫ್ಲ್ಯಾಷರ್ ಕೂಡ ಬದಲಿಸಬೇಕು. ಬೇಡಪ್ಪಾ.

ಈ 150 ಡಿಗ್ರಿ ಪಿನ್‌ನ ಕಿತ್ತಳೆ ಬಲ್ಬಿನ ಹೆಸರು ಆರ್‌ವೈ10ಡಬ್ಲ್ಯೂ, ಹಾಗಂತಲೇ ಕೇಳಿ ಎರಡು ತಂದೆ. ಹೋಲ್ಡರ್ ಒಳಗಿನ ಹಸಿರು ಕಿಲುಬನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಒತ್ತಿ ತಿರುಗಿಸಿದೆ, ಟಕ್ ಅಂತ ಕೂತಿತು. ಈಗ ಎರಡೂ ಕಡೆ ಒಂದೇ ವೇಗ. ಇನ್ನೊಂದು ಬಲ್ಬ್ ಸೀಟಿನ ಕೆಳಗೆ, ಬಟ್ಟೆ ಸುತ್ತಿ ಇಟ್ಟಿದ್ದೇನೆ.