ಮಗು ಕಿರುಚಿದರೆ ಕಿವಿಯೊಳಗೆ ನೋವು. ಮನೆಯಲ್ಲಿ ಇಬ್ಬರು ಚಿಕ್ಕವರಿದ್ದಾರೆ, ಹೇಗೆ ನಿಭಾಯಿಸಲಿ?

ಗಿರಿನಗರದ ಅಪ್ಪ

ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ ಹೈಪರಾಕ್ಯೂಸಿಸ್ ಇದೆ. ಬೇರೆಯವರು ಗಮನಿಸದೇ ಇರುವ ಸದ್ದು ಕೂಡ ನನಗೆ ನೋವು ಕೊಡುತ್ತದೆ. ಕಿರಿಕಿರಿಯಲ್ಲ, ನೋವೇ. ಸ್ಟೀಲ್ ತಟ್ಟೆ ಸಿಂಕಿಗೆ ಬಿದ್ದರೆ ಎಡಗಿವಿಗೆ ದಬ್ಬಣ ಚುಚ್ಚಿದ ಹಾಗಾಗುತ್ತದೆ. ಆಮೇಲೆ ದವಡೆವರೆಗೂ ಉರಿ, ಕೆಲವು ಸಲ ಮರುದಿನದ ತನಕ.

ಶುರುವಾಗಿದ್ದು ಕಾಲ್ ಸೆಂಟರ್ ಕೆಲಸದಲ್ಲಿ. ನೈಟ್ ಶಿಫ್ಟ್, ಹೆಡ್‌ಸೆಟ್ಟಿನಲ್ಲಿ ಇದ್ದಕ್ಕಿದ್ದಂತೆ ಕೀಂ ಅಂತ ಒಂದು ಚೀತ್ಕಾರ. ಟೀಮ್ ಲೀಡ್ "ಟೀ ಕುಡಿದು ಬಾ, ಸರಿ ಹೋಗುತ್ತೆ" ಅಂದರು. ಇದಕ್ಕೆ ಅಕೌಸ್ಟಿಕ್ ಶಾಕ್ ಎಂಬ ಹೆಸರಿದೆ ಅಂತ ಗೊತ್ತಾಗುವಷ್ಟರಲ್ಲಿ ನಾನು ಆ ಕೆಲಸ ಬಿಟ್ಟಾಗಿತ್ತು. ಮೊದಲು ನೋಡಿದ ಡಾಕ್ಟರು ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅನ್ನುವ ಪರೀಕ್ಷೆಯ ರಿಪೋರ್ಟು ನೋಡಿ "ಕೇಳಿಸೋದು ಚೆನ್ನಾಗಿದೆಯಲ್ಲ, ಟೆನ್ಶನ್ ಕಮ್ಮಿ ಮಾಡ್ಕೊಳ್ಳಿ" ಅಂದರು. ಹೌದು, ಚೆನ್ನಾಗಿಯೇ ಕೇಳಿಸುತ್ತದೆ. ಕಷ್ಟ ಇರುವುದೇ ಅಲ್ಲಿ.

ಈಗ ಮನೆಯಿಂದಲೇ ಚಾಟ್ ಸಪೋರ್ಟ್ ಕೆಲಸ. ಹೆಂಡತಿ ಎಂಟೂವರೆಗೆ ಹೊರಡುತ್ತಾಳೆ. ಮಗಳಿಗೆ ನಾಲ್ಕು ವರ್ಷ, ಮಧ್ಯಾಹ್ನಕ್ಕೆ ಶಾಲೆ ಮುಗಿಸಿ ಬರುತ್ತಾಳೆ. ಮಗನಿಗೆ ಹತ್ತು ತಿಂಗಳು, ಹಲ್ಲು ಬರುತ್ತಿದೆ. ಅಂದಮೇಲೆ ಊಹಿಸಿಕೊಳ್ಳಿ.

ಬೇರೆ ಸದ್ದುಗಳಿಗೆಲ್ಲ ಏನೋ ಒಂದು ದಾರಿ ಮಾಡಿಕೊಂಡಿದ್ದೇನೆ. ಕುಕ್ಕರ್ ಹೋಗಿ ವಿಶಲ್ ಹೊಡೆಯದ ಎಲೆಕ್ಟ್ರಿಕ್ ಕುಕ್ಕರ್ ಬಂತು. ಚಟ್ನಿ ರುಬ್ಬುವ ಹೊತ್ತಿಗೆ ನಾನು ಟೆರೇಸಿನಲ್ಲಿ. ಕಸದ ಗಾಡಿ ಹಾಡು ಹಾಕಿಕೊಂಡು ಬರುವ ಹೊತ್ತಿಗೆ ಕಿಟಕಿ ಬಂದ್. ಆದರೆ ಮಕ್ಕಳಿಗೆ ವಾಲ್ಯೂಮ್ ಬಟನ್ ಇಲ್ಲವಲ್ಲ.

ನಿಜವಾಗಿ ಕೇಳಬೇಕಾಗಿದ್ದು ಇದು. ಹೋದ ವಾರ ಮಗಳು ಮೆಟ್ಟಿಲಲ್ಲಿ ಜಾರಿ ಬಿದ್ದಳು. ಮಂಡಿ ಚೆನ್ನಾಗಿಯೇ ತರಚಿತ್ತು. ಅಳಲಿಲ್ಲ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು. ನಾಲ್ಕು ವರ್ಷದ ಮಗು! ನಾವ್ಯಾರೂ ಹಾಗೆ ಹೇಳಿಕೊಟ್ಟಿಲ್ಲ. ಅವಳೇ ಕಲಿತುಬಿಟ್ಟಿದ್ದಾಳೆ. ನನ್ನ ಕಿವಿ ಉಳಿಸಿಕೊಳ್ಳಲು ಅವಳ ಬಾಯಿ ಕಟ್ಟುವ ಹಾಗೆ ಆಗಬಾರದು. ಇದಕ್ಕೆ ಏನು ಮಾಡಲಿ?

ಇನ್ನೊಂದು, ಬೆಳಗ್ಗೆಯಿಂದ ಸಂಜೆವರೆಗೆ ಇಯರ್ ಪ್ಲಗ್ ಹಾಕಿಕೊಂಡೇ ಇದ್ದರೆ ತೊಂದರೆಯೇ? ಒಬ್ಬರು ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಬೇಡವೇ ಬೇಡ ಅನ್ನುತ್ತಾರೆ.

ಆಡಿಯಾಲಜಿ ಹುಡುಗಿ

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು, ಈಗ ಬೆಂಗಳೂರಿನಲ್ಲಿ ಕೆಲಸ. ಇಲ್ಲಿ ಕೂತು ನಿಮ್ಮ ಕಿವಿ ಪರೀಕ್ಷೆ ಮಾಡಲು ಆಗುವುದಿಲ್ಲ. ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಪ್ಲಗ್ ವಿಷಯ. ದಿನವಿಡೀ ಬೇಡ. 2003ರಲ್ಲಿ ಅಮೆರಿಕದಲ್ಲಿ ಫಾರ್ಮ್‌ಬಿ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಕಿವಿ ಸರಿಯಾಗಿದ್ದ ಜನರಿಗೆ ಎರಡು ವಾರ ಹೆಚ್ಚುಕಡಿಮೆ ಇಡೀ ದಿನ ಪ್ಲಗ್ ಹಾಕಿಸಿದರು. ತೆಗೆದ ಮೇಲೆ ಅವರಿಗೆ ಅದೇ ಸದ್ದು ಮೊದಲಿಗಿಂತ ಜೋರಾಗಿ ಕೇಳಿಸಿತು. ಮೆಲ್ಲನೆಯ ಶ್ಶ್ ಸದ್ದನ್ನು ಅಷ್ಟೇ ಕಾಲ ಕೇಳಿಸಿಕೊಂಡಾಗ ಉಲ್ಟಾ ಆಯಿತು, ಸಹಿಸುವ ಶಕ್ತಿ ಜಾಸ್ತಿಯಾಯಿತು. ಒಳಗೆ ಬರುವ ಸದ್ದು ಕಡಿಮೆಯಾದಷ್ಟೂ ಮೆದುಳು ತಾನೇ ಅದನ್ನು ಹಿಗ್ಗಿಸಿಕೊಳ್ಳುತ್ತದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ.

ಹಾಗಂತ "ಅಭ್ಯಾಸ ಆಗಲಿ" ಅಂತ ನೋವು ತಿನ್ನುತ್ತಾ ಕೂರಬೇಡಿ. ಜೋರು ಅನ್ನಿಸುವುದು ಬೇರೆ, ನೋವಾಗುವುದು ಬೇರೆ. ನೋವಿನ ಬಗೆ ಇರುವವರಿಗೆ ಬಲವಂತದ ಅಭ್ಯಾಸದಿಂದ ಕೆಟ್ಟದ್ದನ್ನೇ ನಾನು ಜಾಸ್ತಿ ನೋಡಿದ್ದೇನೆ. ಮಗು ಕಿವಿಯ ಪಕ್ಕದಲ್ಲೇ ಅತ್ತರೆ 100 ಡೆಸಿಬೆಲ್ ದಾಟಬಹುದು, ಅದು ಯಾರ ಕಿವಿಗೂ ಜಾಸ್ತಿಯೇ. ಆ ಹೊತ್ತಿಗೆ ಪ್ಲಗ್ ಅಥವಾ ಇಡೀ ಕಿವಿ ಮುಚ್ಚುವ ಮಫ್ ಖಂಡಿತ ಹಾಕಿ. ಅಳು ನಿಂತ ಮೇಲೆ ತೆಗೆಯಿರಿ. ತೆಗೆಯುವುದನ್ನು ಮರೆಯುವುದೇ ಎಲ್ಲರ ಸಮಸ್ಯೆ.

ಫೋಮ್ ಪ್ಲಗ್ ಸರಿಯಾಗಿ ಕೂತರೆ 30 ಡೆಸಿಬೆಲ್ ಆಸುಪಾಸು ತಡೆಯುತ್ತದೆ, ಆದರೆ ಮಾತು ಮಸುಕಾಗುತ್ತದೆ. ಸಂಗೀತಗಾರರು ಹಾಕುವ ಫಿಲ್ಟರ್ ಪ್ಲಗ್ ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಒಂದೇ ಸಮ ಇಳಿಸುತ್ತದೆ. ಮಗಳ ಮಾತು ತಿಳಿಯುತ್ತದೆ, ಮಗು ಇನ್ನೊಂದು ಕೋಣೆಯಲ್ಲಿ ಎದ್ದರೂ ಗೊತ್ತಾಗುತ್ತದೆ.

ಬರೀ ಆಡಿಯೋಗ್ರಾಮ್ ಸಾಲದು. ಎಷ್ಟು ಡೆಸಿಬೆಲ್‌ಗೆ ಅಸಹನೆ ಶುರುವಾಗುತ್ತದೆ ಅಂತ ಅಳೆಯುವ ಬೇರೆ ಪರೀಕ್ಷೆ ಇದೆ, ಅದನ್ನು ಕೇಳಿ ಮಾಡಿಸಿಕೊಳ್ಳಿ. ಮೈಗ್ರೇನ್, ದವಡೆ ಕೀಲಿನ ತೊಂದರೆ ಇದೆಯೇ ಅಂತಲೂ ನೋಡಿಸಿ. ಮುಖದ ಒಂದು ಪಕ್ಕ ಸೋತವರಿಗೂ ಹೀಗಾಗುವುದುಂಟು. ಜೋರು ಸದ್ದಿಗೆ ಬಿಗಿಯಾಗಿ ಕಿವಿ ಕಾಯುವ ಪುಟಾಣಿ ಸ್ನಾಯುವಿಗೆ ಮುಖದ ನರವೇ ಅಪ್ಪಣೆ ಕೊಡುವುದು. ಆ ಸ್ನಾಯು ಬಿಗಿಯಾಗುತ್ತದೆಯೇ ಅಂತ ನೋಡುವ ಅಕೌಸ್ಟಿಕ್ ರಿಫ್ಲೆಕ್ಸ್ ಪರೀಕ್ಷೆಯಲ್ಲಿ ಜೋರಾದ ಟೋನ್ ಕೊಡುತ್ತಾರೆ, ಎಂಆರ್‌ಐ ಯಂತ್ರವೂ 100 ಡೆಸಿಬೆಲ್ ದಾಟುತ್ತದೆ. ಎರಡಕ್ಕೂ ಮೊದಲೇ "ನನಗೆ ಹೀಗಿದೆ" ಅಂತ ಹೇಳಿಬಿಡಿ. ಸಂಕೋಚ ಬೇಡ.

ಅವಳಿ ಅಮ್ಮ

ನನಗೆ ಮೈಗ್ರೇನ್, ಮನೆಯಲ್ಲಿ ಐದು ವರ್ಷದ ಅವಳಿ ಗಂಡುಮಕ್ಕಳು. ನಿಮ್ಮಷ್ಟು ನೋವಿಲ್ಲ, ಆದರೆ ಗಲಾಟೆ ವಿಷಯದಲ್ಲಿ ನಾನು ಸೀನಿಯರ್ ಅಂದುಕೊಳ್ಳಿ.

ಮಗನನ್ನು ಯಾವ ಹೆಗಲ ಮೇಲೆ ಹಾಕಿಕೊಳ್ಳುತ್ತೀರಿ? ಕೆಟ್ಟ ಕಿವಿ ಎಡಗಡೆ ಅಂದರೆ ಅವನ ಜಾಗ ಬಲ ಹೆಗಲು. ನಡುವೆ ನಮ್ಮ ತಲೆಯೇ ಅಡ್ಡ ಇರುತ್ತದೆ. ಅಳುವಿನಂಥ ಕೀಚಲು ಸದ್ದು ಸ್ವಲ್ಪವಾದರೂ ಕಡಿಮೆಯಾಗುತ್ತದೆ. ಅಡುಗೆಮನೆಯಲ್ಲಿ ಎತ್ತಿಕೊಂಡು ಓಡಾಡುವಾಗ ಇದು ತಾನಾಗಿ ತಪ್ಪಿಹೋಗುತ್ತದೆ, ನೆನಪಿಟ್ಟುಕೊಳ್ಳಬೇಕು.

ಆಮೇಲೆ ನಮ್ಮ ಬೆಂಗಳೂರಿನ ಮನೆಗಳು. ನೆಲಕ್ಕೆ ಟೈಲ್ಸ್, ಗೋಡೆ ಬರಿದು, ಬಾತ್‌ರೂಮ್ ಸೂರಿನ ತನಕ ಟೈಲ್ಸ್. ಕೂಗಿದ್ದೆಲ್ಲ ಸುತ್ತು ಹೊಡೆದು ವಾಪಸ್ ಬರುತ್ತದೆ. ಮಕ್ಕಳು ಆಡುವ ಕೋಣೆಗೆ ಅಮ್ಮನ ಮನೆಯ ಹಳೇ ಜಮಖಾನ ಹಾಸಿದೆ, ಕಿಟಕಿಗೆ ದಪ್ಪ ಪರದೆ, ಕುರ್ಚಿ ಕಾಲಿಗೆ ಫೆಲ್ಟ್ ಅಂಟಿಸಿದೆ. ದೊಡ್ಡ ಖರ್ಚಿಲ್ಲ. ವ್ಯತ್ಯಾಸ ಮೊದಲ ದಿನವೇ ಗೊತ್ತಾಯಿತು. ಮಗುವಿಗೆ ಸ್ನಾನ ಬಾತ್‌ರೂಮಿನಲ್ಲಿ ಬೇಡ, ಯುಟಿಲಿಟಿಯಲ್ಲಿ ಟಬ್ ಇಟ್ಟು ಮಾಡಿಸಿ. ಕೂಗುವ ಆಟಿಕೆಗಳ ಸ್ಪೀಕರ್ ತೂತಿಗೆ ಸೆಲ್ಲೋಟೇಪ್ ಎರಡು ಪದರ. ಹುಟ್ಟುಹಬ್ಬಕ್ಕೆ ಪೀಪಿ ತಂದುಕೊಡುವ ನೆಂಟರಿಗೆ ಏನು ಮಾಡಬೇಕೋ ನನಗೂ ಗೊತ್ತಿಲ್ಲ.

ಮಗಳ ವಿಷಯ ಓದಿ ಹೊಟ್ಟೆ ಚುರುಕ್ ಅಂದಿತು. ನನ್ನ ದೊಡ್ಡವನೂ ಹೀಗೇ ಪಿಸುಗುಟ್ಟಲು ಶುರುಮಾಡಿದ್ದ. ನಾವು ಮಾಡಿದ್ದು ಇಷ್ಟು: ಅಮ್ಮನ ಕಿವಿ ನೋಡಿಕೊಳ್ಳುವುದು ಅಮ್ಮನ ಕೆಲಸ, ನಿನ್ನದಲ್ಲ ಅಂತ ಬಾಯಿಬಿಟ್ಟು ಹೇಳಿದೆವು. ಒಂದು ಸಲ ಅಲ್ಲ, ದಿನಾ. ಕಾರ್ಖಾನೆಯವರು ಹಾಕುವಂಥ ಕೆಂಪು ಮಫ್ ತಂದು ಬಾಗಿಲ ಮೊಳೆಗೆ ನೇತುಹಾಕಿದೆವು. ಅಮ್ಮನ ತಲೆ ಮೇಲೆ ಅದಿದ್ದರೆ ಎಷ್ಟು ಬೇಕಾದರೂ ಕೂಗಿ. ಬಿದ್ದು ಪೆಟ್ಟಾದರೆ ಮಾತ್ರ ಮಫ್ ಲೆಕ್ಕವೇ ಇಲ್ಲ, ಮೊದಲು ಅಳು, ಆಮೇಲೆ ಮಿಕ್ಕಿದ್ದು.

ಗಿರಿನಗರದಿಂದ ಲಾಲ್‌ಬಾಗ್ ಏನೂ ದೂರವಿಲ್ಲ. ಬಂಡೆ ಮೇಲೆ ಕರೆದುಕೊಂಡು ಹೋಗಿ, ನೀವು ಸ್ವಲ್ಪ ಕೆಳಗೆ ನಿಂತು, ಕೂಗು ಅನ್ನಿ. ಬಯಲಲ್ಲಿ ಸದ್ದು ಹಾಗೇ ಹರಡಿಹೋಗುತ್ತದೆ.

ಆಡಿಯಾಲಜಿ ಹುಡುಗಿ

ಲಾಲ್‌ಬಾಗ್ ಐಡಿಯಾ ಚೆನ್ನಾಗಿದೆ. ಬಯಲಲ್ಲಿ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮನೆಯೊಳಗೆ ಅಷ್ಟು ಲಾಭ ಸಿಗುವುದಿಲ್ಲ, ಗೋಡೆಗಳು ಬಿಡುವುದಿಲ್ಲ.

ಹಳೇ ಬಡಾವಣೆ

ನಮ್ಮ ಕಾಲದಲ್ಲಿ ಒಂದೇ ಮನೆಯಲ್ಲಿ ಹನ್ನೊಂದು ಮಕ್ಕಳು. ಯಾರ ಕಿವಿಯೂ ನೋಯಲಿಲ್ಲ. ಮಕ್ಕಳಿಗೆ ಮೆಲ್ಲಗೆ ಮಾತಾಡುವುದನ್ನು ಕಲಿಸಿ, ಎಲ್ಲ ಸರಿಹೋಗುತ್ತದೆ.

ಅವಳಿ ಅಮ್ಮ

ಸಾರ್, ಅವರ ಮಗಳು ಆಗಲೇ ಕಲಿತಿದ್ದಾಳೆ. ಅದಕ್ಕೇ ಅವರು ಇಲ್ಲಿ ಬರೆದಿರುವುದು.

ಅಗಿಯೋ ಸದ್ದು

ನನ್ನದು ಬೇರೆ ಕೇಸು. ಯಾರಾದರೂ ಚಪ್ ಚಪ್ ಅಂತ ತಿಂದರೆ ನೋವಾಗುವುದಿಲ್ಲ, ಕೋಪ ನೆತ್ತಿಗೇರುತ್ತದೆ. ಇದಕ್ಕೆ ಮಿಸೋಫೋನಿಯಾ ಅನ್ನುತ್ತಾರೆ, ಆ ಹೆಸರು 2001ರಲ್ಲಿ ಜಾಸ್ಟ್ರೆಬಾಫ್ ದಂಪತಿ ಇಟ್ಟಿದ್ದು. ಎರಡನ್ನೂ ಒಂದೇ ಅಂದುಕೊಂಡು ಸಲಹೆ ಕೊಡುವವರು ಜಾಸ್ತಿ. ಹಾಗಾಗಿ ಯಾರಾದರೂ "ನನಗೆ ಇದರಿಂದ ವಾಸಿಯಾಯಿತು" ಅಂದರೆ ಅವರಿಗೆ ಯಾವುದು ಇತ್ತು ಅಂತ ಮೊದಲು ಕೇಳಿ.

ಗಣೇಶನ ಹಬ್ಬಕ್ಕೆ ಈಗಲೇ ಯೋಚಿಸಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದು ಅಂತ 2000ದ ನಿಯಮವಿದೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಹಬ್ಬಕ್ಕೆ ಕೆಲವು ದಿನ ರಾತ್ರಿ 12ರವರೆಗೆ ಸರ್ಕಾರವೇ ಸಡಿಲಿಕೆ ಕೊಡಬಹುದು. ಪೆಂಡಾಲ್ ಹುಡುಗರ ಹತ್ತಿರ ಕಾನೂನು ಮಾತಾಡುವ ಬದಲು ಮೊದಲೇ ಹೋಗಿ, ಹೆಸರು ಹೇಳಿ, ಸ್ಪೀಕರ್ ಮುಖ ಆಚೆ ತಿರುಗಿಸಲು ಕೇಳಿ. ನಮ್ಮ ಬೀದಿಯಲ್ಲಿ ತಿರುಗಿಸಿದರು. ಚಂದಾ ಮಾತ್ರ ಸ್ವಲ್ಪ ಜಾಸ್ತಿ ಬರೆಸಿಕೊಂಡರು.

ಗಿರಿನಗರದ ಅಪ್ಪ

ಎಲ್ಲರಿಗೂ ಥ್ಯಾಂಕ್ಸ್. ಎಡ ಹೆಗಲ ವಿಷಯ ಓದಿ ನಗು ಬಂತು, ಇಷ್ಟು ದಿನ ಯಾರೂ ಹೇಳಿರಲಿಲ್ಲ. ನಾನು ಬಲಗೈಯವನು, ಬಲಗೈ ಖಾಲಿ ಇರಲಿ ಅಂತ ಮಗು ಯಾವಾಗಲೂ ಎಡಕ್ಕೆ. ಈಗ ಎಡಗೈಯಲ್ಲಿ ದೋಸೆ ಮಗುಚುವುದನ್ನು ಕಲಿಯುತ್ತಿದ್ದೇನೆ. ದೋಸೆ ನೋಡುವ ಹಾಗಿಲ್ಲ.

ಮಫ್ ತಂದೆ, ಹಳದಿ ಬಣ್ಣದ್ದು. ಎಲ್ಲಿ ನೇತುಹಾಕಬೇಕು ಅಂತ ಮಗಳೇ ಆರಿಸಿದಳು, ಫ್ರಿಜ್ಜಿನ ಹಿಡಿಕೆಗೆ. ಮೊದಲೆರಡು ದಿನ ನಾನು ಹಾಕಿಕೊಂಡರೂ ಪಿಸುಮಾತೇ. ನಿನ್ನೆ ತಮ್ಮ ಅವಳ ಕ್ರೇಯಾನ್ ಬಾಯಿಗೆ ಹಾಕಿಕೊಂಡ. ಮಫ್ ಫ್ರಿಜ್ಜಿನಲ್ಲೇ ಇತ್ತು. "ಅಪ್ಪಾ!" ಅಂತ ಕಿರುಚಿದಳು ನೋಡಿ. ನೋವಾಯಿತು, ಸುಳ್ಳು ಹೇಳುವುದಿಲ್ಲ. ಕ್ರೇಯಾನ್ ಹೊರಗೆ ತೆಗೆದು, ಸರಿಯಾಗಿ ಕರೆದೆ ಪುಟ್ಟಿ ಅಂದೆ.

ಆಡಿಯಾಲಜಿಯವರಿಗೆ ಒಂದು ಪ್ರಶ್ನೆ. ಮಗು ಮಲಗಿದಾಗ ಫ್ಯಾನ್ ಸದ್ದು ನನಗೆ ಹಿತ ಅನ್ನಿಸುತ್ತದೆ. ನೀವು ಹೇಳಿದ ಆ ಶ್ಶ್ ಸದ್ದಿನ ಬದಲು ಅದು ನಡೆಯುತ್ತದೆಯೇ, ಇಲ್ಲ ಅದಕ್ಕೆ ಅಂತಲೇ ಯಂತ್ರ ಬೇಕೇ?

ಆಡಿಯಾಲಜಿ ಹುಡುಗಿ

ಮನೆಯಲ್ಲಿ ಫ್ಯಾನ್ ಸಾಕು, ಅಥವಾ ಫೋನಿನಲ್ಲಿ ಮಳೆ ಸದ್ದು ಮೆಲ್ಲಗೆ ಹಾಕಿ. ಪಕ್ಕದವರ ಮಾತು ಮುಚ್ಚಿಹೋಗದಷ್ಟು ಸಣ್ಣಗಿರಲಿ. ನೋವು, ಉರಿ ಜಾಸ್ತಿಯಾದರೆ ಆ ದಿನ ನಿಲ್ಲಿಸಿ. ಕಿವಿಯಲ್ಲೇ ಇಟ್ಟುಕೊಳ್ಳುವ ಯಂತ್ರಗಳೂ ಇವೆ, ಆದರೆ ಅಸಹನೆಯ ಮಟ್ಟ ಅಳೆಸದೆ ಕೊಳ್ಳಬೇಡಿ. ಪರೀಕ್ಷೆಗೆ ಹೋಗುವ ದಿನ ಹೆಂಡತಿಗೆ ರಜೆ ಹಾಕಿಸಿ, ಮಕ್ಕಳನ್ನು ಕರೆದುಕೊಂಡು ಬರಬೇಡಿ. ನಮ್ಮ ವೇಟಿಂಗ್ ರೂಮಿಗೂ ಬರೀ ಟೈಲ್ಸೇ.